ಸಿಂಗಾಪುರಕ್ಕೆ ಹೊರಟ ಅತ್ತೆಗೆ ಅಳಿಯನ ಸಲಹೆಗಳು

ಪೀಣ್ಯದಲ್ಲಿ ವಿದೇಶದ ಮಾತು ಬಂದರೆ ಜನ ಗೋಪಾಲಪ್ಪನ ಕಡೆ ತಿರುಗುತ್ತಿದ್ದರು. ಅವನು ವಿದೇಶಕ್ಕೆ ಹೋಗಿದ್ದನೆಂದಲ್ಲ. ಅವನ ಕಾರ್ಖಾನೆಯ ಮಾಲೀಕರು ಒಮ್ಮೆ ಜರ್ಮನಿಗೆ ಹೊರಟಾಗ ಅವರ ಸೂಟ್‌ಕೇಸುಗಳನ್ನು ಹೊತ್ತುಕೊಂಡು ಮದರಾಸಿನ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನವರೆಗೆ ಹೋಗಿದ್ದ. ಅಲ್ಲಿ ನಿಂತಿದ್ದ ಪೊಲೀಸಿನವನು ಸೂಟ್‌ಕೇಸುಗಳನ್ನು ಒಳಗೆ ಬಿಟ್ಟು ಗೋಪಾಲಪ್ಪನನ್ನು ಹೊರಗೆ ಉಳಿಸಿಕೊಂಡ. ಆಚೆಗಿನ ಪ್ರಪಂಚವನ್ನು ಅವನು ಗಾಜಿಗೆ ಮೂಗು ಒತ್ತಿಕೊಂಡು ನೋಡಿದ. (ಮೂಗಿನ ಗುರುತು ಗಾಜಿನ ಮೇಲೆ ಉಳಿಯಿತು. ಅಷ್ಟರ ಮಟ್ಟಿಗೆ ಅವನ ಹೆಸರು ಆ ನಿಲ್ದಾಣದಲ್ಲಿ ದಾಖಲಾಗಿದೆ ಎನ್ನಬಹುದು.) ರಾತ್ರಿ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಅವನು ಅಂತಾರಾಷ್ಟ್ರೀಯ ಪ್ರವಾಸದ ಸಮಸ್ತ ಮರ್ಮವನ್ನೂ ಅರಿತವನಾಗಿದ್ದ.

ಕಾರ್ಖಾನೆಯಲ್ಲಿ ಅವನದು ಇನ್‌ಸ್ಪೆಕ್ಷನ್ ಕೆಲಸ. ಲೇತ್ ಯಂತ್ರದಿಂದ ಇಳಿದು ಬಂದ ಪ್ರತಿ ತುಂಡನ್ನೂ ಅಳೆದು, ಸರಿಯಿದ್ದರೆ ಪಾಸ್ ಡಬ್ಬಕ್ಕೆ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೆ ರಿಜೆಕ್ಟ್ ಡಬ್ಬಕ್ಕೆ ಹಾಕಬೇಕು. ದಿನವಿಡೀ ಇದನ್ನೇ ಮಾಡಿದ ಮನುಷ್ಯ ಸಂಜೆ ಮನೆಗೆ ಬಂದು ಸುಮ್ಮನಿರಲಾರ. ಸಾರು, ಪಲ್ಯ, ನೆರೆಯವರ ಮಕ್ಕಳ ಬುದ್ಧಿ, ಎಲ್ಲವನ್ನೂ ಅವನು ಎರಡು ಡಬ್ಬಗಳಿಗೆ ವಿಂಗಡಿಸುತ್ತಿದ್ದ. ಹೆಂಡತಿ ಭಾಗ್ಯಮ್ಮ ಮದುವೆಯಾದ ಹೊಸದರಲ್ಲಿ ಸಹಿಸಿಕೊಂಡಳು. ಆಮೇಲೆ ಅವಳೂ ಮನಸ್ಸಿನಲ್ಲೇ ಒಂದು ರಿಜೆಕ್ಟ್ ಡಬ್ಬ ಇಟ್ಟುಕೊಂಡಳು. ಅದರಲ್ಲಿ ಗೋಪಾಲಪ್ಪ ಒಬ್ಬನೇ ಇದ್ದ.

ಅವರು ಇದ್ದದ್ದು ಭಾಗ್ಯಮ್ಮನ ತವರಿನ ಸಾಲುಮನೆಗಳಲ್ಲಿ ಮೊದಲನೆಯದರಲ್ಲಿ, ದೊಡ್ಡ ಮನೆಗೆ ಒಂದೇ ಗೋಡೆ ಅಂತರ. ಮಾವ ಚಿಕ್ಕಬೈರಪ್ಪನವರ ರಾಗಿ ಹೊಲದ ಮೇಲೆ ಈಗ ಕಾರ್ಖಾನೆಗಳು ಎದ್ದಿದ್ದವು. ಉಳಿದ ಜಾಗದಲ್ಲಿ ಅವರು ಸಾಲುಮನೆ ಕಟ್ಟಿಸಿ, ಆ ಕಾರ್ಖಾನೆಗಳ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಹುಡುಗರಲ್ಲಿ ಒಬ್ಬನಿಗೆ ಮಗಳನ್ನೂ ಕೊಟ್ಟಿದ್ದರು. (ಬಾಡಿಗೆ ನಿಂತಿರಲಿಲ್ಲ.)

ಎಂಬತ್ತಮೂರನೆಯ ಇಸವಿಯಲ್ಲಿ ಎದುರು ಮನೆಯ ದೊಡ್ಡಮುನಿಯಪ್ಪ ವಿಮಾನದಲ್ಲಿ ಕಾಶಿಗೆ ಹೋಗಿ ಬಂದು ಊರಿಗೆಲ್ಲ ಪಾಯಸದ ಊಟ ಹಾಕಿಸಿದ. ಚಿಕ್ಕಬೈರಪ್ಪನವರಿಗೆ ಆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ರಾಜಾಜಿನಗರದ ಏಜೆಂಟನೊಬ್ಬ ಒಂದು ವಾರದ ಸಿಂಗಾಪುರ ಟೂರಿಗೆ ಜನ ಸೇರಿಸುತ್ತಿದ್ದಾನೆಂದು ಕಿವಿಗೆ ಬಿದ್ದ ದಿನವೇ ಹೋಗಿ ತಮ್ಮ ಹೆಸರನ್ನೂ ಹೆಂಡತಿ ಲಕ್ಷ್ಮಮ್ಮನ ಹೆಸರನ್ನೂ ಬರೆಸಿ ಬಂದರು. "ಕಾಶಿ ಏನು, ಇಲ್ಲೇ ನಮ್ ದೇಶದಾಗೇ ಐತೆ" ಎಂದು ಬೀದಿಗೆ ಕೇಳುವಂತೆ ಅಂದರು.

ಸುದ್ದಿ ಕೇಳಿದ ಕೂಡಲೇ ಗೋಪಾಲಪ್ಪನ ಕಣ್ಣ ಮುಂದೆ ಸಿಂಗಾಪುರ ಬರಲಿಲ್ಲ, ಒಂದು ಟೂ-ಇನ್-ಒನ್ ಬಂತು. ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇರುವ, ಎಡಬಲಕ್ಕೆ ದುಂಡನೆಯ ಸ್ಪೀಕರು, ನಡುವೆ ಕೆಂಪು ದೀಪ, ಮೇಲೆ ಹಿಡಿಯುಳ್ಳ ಯಂತ್ರ. ಆ ಕಾಲದ ಪೀಣ್ಯದಲ್ಲಿ ಟೂ-ಇನ್-ಒನ್ ಇದ್ದವನ ಸ್ಥಾನ ಫೋರ್‌ಮನ್‌ಗಿಂತ ಒಂದು ಮೆಟ್ಟಿಲು ಮೇಲೆ. ಸ್ಟೋರಿನ ಹನುಮಂತಯ್ಯನಿಗೆ ದುಬೈನಿಂದ ಅವನ ಭಾವಮೈದ ಒಂದನ್ನು ತಂದುಕೊಟ್ಟಂದಿನಿಂದ ಅವನು ಕ್ಯಾಂಟೀನಿನಲ್ಲಿ ಕುಳಿತುಕೊಳ್ಳುವ ಭಂಗಿಯೇ ಬದಲಾಗಿತ್ತು. ಮರುದಿನ ಗೋಪಾಲಪ್ಪ ಅದೇ ಕ್ಯಾಂಟೀನಿನಲ್ಲಿ ಟೀ ಊದುತ್ತ, ಏನೋ ನೆನಪಾದವನಂತೆ, "ಮುಂದಿನ ತಿಂಗಳು ನಮ್ಮನೇಗೂ ಒಂದು ಬರ್ತಾ ಇದೆ. ಸಿಂಗಾಪುರದ್ದು" ಎಂದ. ಎಲ್ಲರೂ ಕೇಳಿಸಿಕೊಂಡರು. ಇನ್ನು ಅದು ಬರಲೇಬೇಕಿತ್ತು.

ಒಂದೇ ತೊಡಕು. ವಿಮಾನದಲ್ಲಿ ತಲೆಗೆ ಇಷ್ಟೇ ತೂಕ ಎಂದು ಕಟ್ಟಳೆ, ಆದರೆ ಲಕ್ಷ್ಮಮ್ಮನ ಬಾಗಿಲಲ್ಲಿ ಆಗಲೇ ಸಾಲು ಶುರುವಾಗಿತ್ತು. ಒಬ್ಬರಿಗೆ ಟಾರ್ಚು, ಒಬ್ಬರಿಗೆ ಗಡಿಯಾರ, ಒಬ್ಬರಿಗೆ ನೋವಿನೆಣ್ಣೆ. ಇದಲ್ಲದೆ ಹೋಗುವಾಗ ಅತ್ತೆಯೇ ಒಂದು ಮೂಟೆ ಹುರಿಹಿಟ್ಟು, ಒಂದು ಜಾಡಿ ಉಪ್ಪಿನಕಾಯಿ, ಒಂದು ಕಟ್ಟು ವೀಳ್ಯದೆಲೆ ಸಜ್ಜು ಮಾಡಿಟ್ಟಿದ್ದರು. ಇಷ್ಟರ ನಡುವೆ ಟೂ-ಇನ್-ಒನ್ ಎಲ್ಲಿ ಕೂತೀತು? ಹೀಗಾಗಿ ಗೋಪಾಲಪ್ಪ ಜನಹಿತದ ದೃಷ್ಟಿಯಿಂದ ಸಲಹೆ ಕೊಡಲು ಮುಂದಾದ.

"ನಮ್ಮ ಕಾರ್ಖಾನೇಲಿ ಹೊಸ ಕೆಲಸ ಬಂದ್ರೆ ಮೊದಲು ಒಂದು ಟ್ರಯಲ್ ಓಡಿಸ್ತೀವಿ ಮಾವ. ಸಿಂಗಾಪುರಕ್ಕೂ ಒಂದು ಓಡಿಸಿಬಿಡೋಣ."

"ಎಲ್ಲೀಗಂಟ ಓಡಿಸ್ತೀರಾ?" ಎಂದರು ಚಿಕ್ಕಬೈರಪ್ಪ.

"ಪಡಸಾಲೆಯಿಂದ ಅಡುಗೆಮನೇಗಂಟ."

ಭಾನುವಾರ ಪಡಸಾಲೆಯ ಬೆಂಚುಗಳನ್ನು ಒಂದರ ಹಿಂದೊಂದು ಜೋಡಿಸಿ ವಿಮಾನ ಮಾಡಲಾಯಿತು. ಸೊಂಟಪಟ್ಟಿ ಎಂದು ಮಾವನಿಗೆ ಅವರದೇ ಟವೆಲನ್ನು, ಅತ್ತೆಗೆ ಕರುವಿನ ಹಗ್ಗವನ್ನು ಬಿಗಿದ. ಕಟ್ಟುವುದು ಹೇಗೆಂದು ತೋರಿಸಿದ್ದಾಯಿತು, ಬಿಚ್ಚುವುದು ಮಾತ್ರ ಆಗಲಿಲ್ಲ. ಹಗ್ಗ ಕರುವಿಗೆ ಹೇಳಿ ಮಾಡಿಸಿದ್ದು, ಎಳೆದಷ್ಟೂ ಬಿಗಿಯುತ್ತಿತ್ತು. ಭಾಗ್ಯಮ್ಮ ಒಳಗಿನಿಂದ ಈಳಿಗೆಮಣೆ ತಂದಳು.

"ವಿಮಾನದಾಗೆ ಈಳಿಗೆಮಣೆ ಇಟ್ಟಿರ್ತಾರೇನ್ರೀ?" ಎಂದು ಗಂಡನನ್ನು ಕೇಳುತ್ತ ತಾಯಿಯನ್ನು ಬಿಡಿಸಿದಳು.

"ಅಲ್ಲಿ ಗುಂಡಿ ಒತ್ತಿದ್ರೆ ಬಿಚ್ಚಿಕೊಳ್ಳುತ್ತೆ."

"ಇದನ್ನ ಮೊದಲೇ ಯೋಳಿದ್ರೆ ಅಗ್ಗ ಉಳೀತಿತ್ತು" ಎಂದರು ಲಕ್ಷ್ಮಮ್ಮ. ಅವರಿಗೆ ಸಿಟ್ಟಿರಲಿಲ್ಲ, ಅಳಿಯ ಹೇಳಿದ್ದನ್ನು ಅಕ್ಷರ ಬಿಡದೆ ಮನಸ್ಸಿಗೆ ಹಾಕಿಕೊಳ್ಳುವ ಹೆಂಗಸು. ಈ ಗುಣವನ್ನು ಗೋಪಾಲಪ್ಪ ಆಗ ಪಾಸ್ ಡಬ್ಬಕ್ಕೆ ಹಾಕಿದ್ದ.

ಮುಂದಿನದು ಊಟ. ಮಾಲೀಕರ ಟಿಫಿನ್ ಸೆಟ್ಟಿನಿಂದ ಎರವಲು ತಂದಿದ್ದ ಒಂದು ಫೋರ್ಕನ್ನು ಅವನು ಮಾವನ ಕೈಗೆ ಕೊಟ್ಟ. ತಟ್ಟೆಯಲ್ಲಿ ಬಿಸಿ ಮುದ್ದೆ, ಬಸ್ಸಾರು. ಫೋರ್ಕು ಮುದ್ದೆಯೊಳಕ್ಕೆ ಸಲೀಸಾಗಿ ಇಳಿಯಿತು. ಹೊರಗೆ ಬರುವಾಗ ಇಡೀ ಮುದ್ದೆಯೇ ಅದರ ಜೊತೆ ಎದ್ದು ಬಂತು. ಚಿಕ್ಕಬೈರಪ್ಪ ಅದನ್ನು ದೀವಟಿಗೆಯ ಹಾಗೆ ಎತ್ತಿ ಹಿಡಿದು ಸುತ್ತ ನೋಡಿದರು.

"ಈಗ ಇದನ್ನ ಯಾವ ಕಡೆಯಿಂದ ಸುರು ಮಾಡಾದು?"

"ಚೂರು ಚೂರೇ ಕಚ್ಚಬೇಕು ಮಾವ."

"ಸಿಂಗಾಪುರದಾಗೆ ಮುದ್ದೆ ಮಾಡ್ತಾರಾ?"

"ಇಲ್ಲ."

"ಮತ್ತೆ ಈ ಸರ್ಕಸ್ಸು ಯಾತಕ್ಕೆ?"

"ಇರ್ಲಿ ಬುಡಿ, ಅಳಿಯಂದ್ರಿಗೆ ಈ ಮುಳ್ಳುಚಮಚ ಅಂದ್ರೆ ಆಸೆ ಅಂತ ಕಾಣ್ತದೆ" ಎಂದರು ಲಕ್ಷ್ಮಮ್ಮ. ಆ ಮಾತನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಕೊನೆಗೆ ಕಸ್ಟಮ್ಸ್. ಇದೇ ಈ ನಾಟಕದ ಮುಖ್ಯ ಅಂಕ, ಇದಕ್ಕಾಗಿಯೇ ಗೋಪಾಲಪ್ಪ ಕಾರ್ಖಾನೆಯ ಖಾಕಿ ಕೋಟನ್ನು ಇಸ್ತ್ರಿ ಮಾಡಿಸಿದ್ದ. ಮೇಜಿನ ಹಿಂದೆ ನಿಂತು, ಸುಂಕಾಧಿಕಾರಿಗಳಿಗೆ ಸಹಜವಾದ ಗಾಂಭೀರ್ಯದಿಂದ ಅತ್ತೆಯ ಚೀಲವನ್ನು ಬಿಚ್ಚಿಸಿದ.

"ಇದು ಯಾರದು?"

"ಕೋಡುಬಳೆ. ಭಾಗ್ಯ ಮಾಡಿಕೊಟ್ಟಿದ್ದು."

"ರಿಜೆಕ್ಟ್. ಬೇರೆಯವರು ಕೊಟ್ಟ ಸಾಮಾನು, ಬೇರೆಯವರು ತರೋಕೆ ಹೇಳಿದ ಸಾಮಾನು, ಎರಡೂ ಕೂಡದು. ನಿಲ್ದಾಣದಲ್ಲಿ ಬೇರೆಯವರ ಸಾಮಾನು ಮುಟ್ಟಲೂ ಬಾರದು." ಇಷ್ಟು ಹೇಳಿ ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡ.

"ಕಸ್ಟಮ್ಸ್‌ನೋರು ತಿಂದೂ ಬಿಡ್ತಾರಾ?" ಎಂದಳು ಭಾಗ್ಯಮ್ಮ.

"ಇದು ತಪಾಸಣೆ."

ಹುರಿಹಿಟ್ಟು, ಉಪ್ಪಿನಕಾಯಿ, ವೀಳ್ಯದೆಲೆ ಎಲ್ಲವೂ ತಪಾಸಣೆಗೊಳಗಾಗಿ ಅಟ್ಟ ಸೇರಿದವು. ಅಷ್ಟರಲ್ಲಿ ಪಕ್ಕದ ಮನೆಯ ಮುನಿಯಕ್ಕ ಹೊಸ್ತಿಲಲ್ಲಿ ತಲೆಹಾಕಿ, "ಲಕ್ಷ್ಮಮ್ಮೋ, ನಂಗೊಂದು ಮಡಚೋ ಛತ್ರಿ ತತ್ತೀಯಾ?" ಎಂದಳು. ಅಧಿಕಾರಿಗಳು ಲಕ್ಷ್ಮಮ್ಮನಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ಹಾಗೆಲ್ಲ ತರೋ ಹಾಗಿಲ್ಲ ಅಕ್ಕ, ಕಾನೂನಿದೆ. ಕೇಳಿದೋರ ಸಾಮಾನು ತಂದ್ರೆ ಹಿಡ್ಕೊಂಡು ಕೂರಿಸ್ತಾರೆ."

"ಅಂಗಾದ್ರೆ ನಾನು ಅವ್ವನ್ನ ಒಂದು ಜಪಾನ್ ಜಾರ್ಜೆಟ್ ಸೀರೆ ಕೇಳಬೇಕು ಅಂತಿದ್ನಲ್ಲ?" ಎಂದಳು ಭಾಗ್ಯಮ್ಮ.

"ಕೇಳಬೇಡ. ಕಾನೂನು ಎಲ್ಲರಿಗೂ ಒಂದೇ."

ಭಾಗ್ಯಮ್ಮ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಅಡುಗೆಮನೆಗೆ ಹೋದಳು. (ಆ ನೋಟವನ್ನು ಕಂಡ ಯಾವ ಗಂಡನಾದರೂ ಅಲ್ಲಿಗೇ ಕೋಟು ಬಿಚ್ಚಿಡುತ್ತಿದ್ದ.) ಗೋಪಾಲಪ್ಪ ಮುಂದುವರಿಸಿದ. "ಎಲ್ಲಕ್ಕಿಂತ ಮುಖ್ಯ, ಅತ್ತೆ, ಅಧಿಕಾರಿ ಮುಂದೆ ಸುಳ್ಳು ಹೇಳಬಾರದು. ಕಣ್ಣು ನೋಡಿದ್ರೇ ಅವರಿಗೆ ಗೊತ್ತಾಗಿಬಿಡುತ್ತೆ."

"ನಾನ್ಯಾಕೆ ಸುಳ್ಳು ಯೋಳ್ಲಿ. ಮನೇಲಿ ಮುನೇಶ್ವರ ಅವ್ನೆ" ಎಂದರು ಲಕ್ಷ್ಮಮ್ಮ, ಕೊರಳಿನ ತಾಯತ ಮುಟ್ಟಿಕೊಂಡು.

ಹೀಗೆ ಊರಿನವರ ಟಾರ್ಚು, ಗಡಿಯಾರ, ಛತ್ರಿಗಳೆಲ್ಲ ರಿಜೆಕ್ಟಾಗಿ ಚೀಲ ಖಾಲಿಯಾಯಿತು. ಅದೇ ಸಂಜೆ ಲಕ್ಷ್ಮಮ್ಮ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಗೋಪಾಲಪ್ಪ ಹತ್ತಿರ ಹೋಗಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟೂ-ಇನ್-ಒನ್ನಿನ ಉದ್ದಗಲವನ್ನು ಗಾಳಿಯಲ್ಲಿ ಬರೆದು ತೋರಿಸಿದ.

"ಯಾರು ಕೇಳಿದ್ನೂ ತರಬ್ಯಾಡಿ ಅಂದ್ರಲ್ಲ?"

"ಅದು ಹೊರಗಿನೋರಿಗೆ ಅತ್ತೆ. ನಾನು ಹೊರಗಿನೋನಾ?"

"ಅಲ್ಲ. ಆದ್ರೂ ಆಪೀಸರ್ರು ಇದು ಯಾರ್ದು ಅಂತ ಕೇಳಿದ್ರೆ?"

"ನಂದು ಅನ್ನಿ. ನನ್ನ ಸ್ವಂತಕ್ಕೆ ಅನ್ನಿ."

"ಸುಳ್ಳಾಗಲ್ವಾ?"

ಗೋಪಾಲಪ್ಪ ಒಂದು ಕ್ಷಣ ಯೋಚಿಸಿದ. ಇನ್ನೊಂದು ಕ್ಷಣ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಸುಳ್ಳು ಹೆಂಗಾಗುತ್ತೆ? ನಿಮ್ಮ ಕೈಯಲ್ಲಿರೋವರೆಗೆ ನಿಮ್ಮದೇ ತಾನೇ?"

"ಅಂಗಾ," ಎಂದರು ಲಕ್ಷ್ಮಮ್ಮ. ಹಸುವಿನ ಮೈ ಸವರುತ್ತ ಮೆಲ್ಲಗೆ, "ನಂದು, ನನ್ನ ಸ್ವಂತಕ್ಕೆ" ಎಂದು ಬಾಯಿಪಾಠ ಮಾಡಿಕೊಂಡರು.

ಅವರು ಹೊರಟ ಮೇಲೆ ಗೋಪಾಲಪ್ಪನಿಗೆ ಪುರುಸೊತ್ತಿಲ್ಲ. ಗೋಡೆಯ ಗೂಡಿನಲ್ಲಿದ್ದ ದೇವರ ಪಟಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ಎಲೆಕ್ಟ್ರಿಷಿಯನ್ ಕರೆಸಿ ಅಲ್ಲೊಂದು ಪ್ಲಗ್ ಪಾಯಿಂಟ್ ಹಾಕಿಸಿದ. ಪೇಟೆಯಿಂದ ಒಂದು ಖಾಲಿ ಕ್ಯಾಸೆಟ್ ತಂದ. ಧೂಳು ಕೂರಬಾರದೆಂದು ಭಾಗ್ಯಮ್ಮನಿಂದ ಒಂದು ಬಟ್ಟೆಯ ಹೊದಿಕೆ ಹೊಲಿಸಿದ; ಅವಳು ಅದರ ಮೇಲೆ ಎರಡು ಗಿಳಿಗಳನ್ನೂ ಹಾಕಿದಳು.

"ಅಳತೆ ಯಾರು ಕೊಟ್ರು?" ಎಂದು ಕೇಳಿದಳು.

"ಅಂದಾಜು."

"ಕಾನೂನು ಎಲ್ಲರಿಗೂ ಒಂದೇ ಅಂದ್ರಿ."

"ನೀನು ಗಿಳಿ ಹಾಕು."

ಕ್ಯಾಂಟೀನಿನಲ್ಲಿ ಹನುಮಂತಯ್ಯನೂ ಸೇರಿದಂತೆ ನಾಲ್ಕಾರು ಜನರನ್ನು, ಅತ್ತೆಮಾವ ಬಂದ ಮೊದಲ ಭಾನುವಾರವೇ ಕಾಫಿಗೆ ಕರೆದಿದ್ದೂ ಆಯಿತು.

ಮದರಾಸ್ ಮೇಲ್ ಬಂದು ನಿಂತಾಗ ಗೋಪಾಲಪ್ಪ ಬಾಡಿಗೆ ಕಾರಿನ ಸಮೇತ ಸಿಟಿ ಸ್ಟೇಷನ್ನಿನಲ್ಲಿದ್ದ. ಮೊದಲು ಇಳಿದದ್ದು ಮಾವ, ತಲೆಗೊಂದು ಹ್ಯಾಟು ಹಾಕಿಕೊಂಡು. ಆಮೇಲೆ ಲಕ್ಷ್ಮಮ್ಮ. ಅವರ ಎದೆಗೆ ಅವುಚಿದ ರಟ್ಟಿನ ಪೆಟ್ಟಿಗೆಯ ಮೇಲೆ ಟೂ-ಇನ್-ಒನ್ನಿನ ಚಿತ್ರವಿತ್ತು. ಎರಡು ಸ್ಪೀಕರು, ಕೆಂಪು ದೀಪ. ಗೋಪಾಲಪ್ಪನಿಗೆ ಅತ್ತೆಯ ಕಾಲಿಗೆ ಬೀಳಬೇಕೆನ್ನಿಸಿತು, ಬಿದ್ದೂಬಿಟ್ಟ. ಎದ್ದು ಪೆಟ್ಟಿಗೆಗೆ ಕೈ ಚಾಚಿದಾಗ ಲಕ್ಷ್ಮಮ್ಮ, "ಇರ್ಲಿ, ನಾನೇ ಇಡ್ಕತೀನಿ" ಎಂದರು. ಅದನ್ನು ಅವನು ಅಕ್ಕರೆಯೆಂದು ತಿಳಿದ.

ದಾರಿಯುದ್ದಕ್ಕೂ ಸಿಂಗಾಪುರದ ವರದಿ ಕೇಳಿದ. ಅವನು ಕಲಿಸಿದ್ದ 'ಪ್ಲೀಸ್', 'ಥ್ಯಾಂಕ್ಯೂ' ಒಂದೂ ಕೆಲಸಕ್ಕೆ ಬಂದಿರಲಿಲ್ಲ. ಅವರು ಸುತ್ತಿದ ಬೀದಿಗಳಲ್ಲೆಲ್ಲ ತಮಿಳಿನ ಅಂಗಡಿಗಳಂತೆ, ಲಕ್ಷ್ಮಮ್ಮ ಪೀಣ್ಯದ ಸಂತೆಯಲ್ಲಿ ಕಲಿತ ತಮಿಳಿನಲ್ಲೇ ಚೌಕಾಸಿ ಮಾಡಿದ್ದರು. ವಿಮಾನದಲ್ಲಿ ಕೈಯಲ್ಲೇ ಉಂಡದ್ದಕ್ಕೆ ಗಗನಸಖಿ ನಕ್ಕು ಇನ್ನಷ್ಟು ಅನ್ನ ಬಡಿಸಿದ್ದಳು. ಟೂರಿನ ಬೇರೆ ಊರುಗಳವರು ಹುರಿಹಿಟ್ಟು ಒಯ್ದು ಸುಖವಾಗಿದ್ದರು. ಇವರಿಬ್ಬರಿಗೆ ಮಾತ್ರ ಬೆಳಗಿನ ಹೊತ್ತು ಅವರಿಂದ ಕೈಕಡ. "ಅಲ್ಲಿ ಯಾರೂ ಇಟ್ಟು ಕಿತ್ಕಳ್ಳಲಿಲ್ಲ. ಕಿತ್ಕಂಡಿದ್ದು ಪೀಣ್ಯದಾಗೇ" ಎಂದರು ಚಿಕ್ಕಬೈರಪ್ಪ.

ಮನೆಯಲ್ಲಿ ಪೆಟ್ಟಿಗೆಗಳು ಬಿಚ್ಚಿಕೊಂಡವು. ನೆರೆಹೊರೆಯವರ ಜೊತೆ ಮುನಿಯಕ್ಕನೂ ಬಂದು ಕೂತಿದ್ದಳು. ಲಕ್ಷ್ಮಮ್ಮ ಮೊದಲು ಅವಳಿಗೆ, "ನೀನು ಛತ್ರಿ ಕೇಳಿದ್ಯಲ್ಲ ಮುನಿಯಕ್ಕ, ಕೇಳಿದ್ನ ತರಂಗಿಲ್ಲ ಅಂತ ಕಾನೂನು. ಅದಕ್ಕೇ ಒಂದು ಟಾರ್ಚು ತಂದೆ" ಎಂದರು. ಭಾಗ್ಯಮ್ಮ ಏನನ್ನೂ ಕೇಳಿರಲಿಲ್ಲ. ಆದ್ದರಿಂದ ಅವಳಿಗೆ ಜಪಾನ್ ಜಾರ್ಜೆಟ್ ಸೀರೆ ಬಂತು, ಒಂದಲ್ಲ, ಎರಡು. ಅವಳು ಅವನ್ನು ಮಡಿಲಲ್ಲಿ ಇಟ್ಟುಕೊಂಡು ಗಂಡನ ಕಡೆ ಒಮ್ಮೆ ಸೌಮ್ಯವಾಗಿ ನೋಡಿದಳು.

"ಇದು ಅಳಿಯಂದ್ರಿಗೆ" ಎನ್ನುತ್ತ ಲಕ್ಷ್ಮಮ್ಮ ಒಂದು ಉದ್ದನೆಯ ಡಬ್ಬ ಕೊಟ್ಟರು. ಗೋಪಾಲಪ್ಪ ಬಿಚ್ಚಿದ. ನೀಲಿ ಮಖಮಲ್ಲಿನ ಮೇಲೆ ಸಾಲಾಗಿ ಮಲಗಿದ್ದವು, ಥಳಥಳಿಸುವ ಫೋರ್ಕುಗಳು.

"ಅವತ್ತೇ ನೋಡ್ದೆ, ನಿಮಗೆ ಅದ್ರ ಮ್ಯಾಲೆ ಎಷ್ಟು ಆಸೆ ಅಂತ. ಬಾಯಿ ಬುಟ್ಟು ಕೇಳ್ಲಿಲ್ಲ, ಅದಕ್ಕೇ ತರಾಕಾಯ್ತು."

"ತುಂಬಾ ಚೆನ್ನಾಗಿದೆ ಅತ್ತೆ," ಎಂದ ಗೋಪಾಲಪ್ಪ. "ಆ ರಟ್ಟಿನ ಪೆಟ್ಟಿಗೆ..."

"ಅದು ನಂದು."

"ಕಸ್ಟಮ್ಸ್ ಮುಗೀತಲ್ಲ ಅತ್ತೆ. ಇನ್ನು ಹಾಗನ್ನಬೇಕಿಲ್ಲ."

ಲಕ್ಷ್ಮಮ್ಮನ ಮುಖದಲ್ಲಿ ನಿಜವಾದ ಸಂಕಟವಿತ್ತು. "ನಿಮಗೇ ಅಂತ ತಗಂಡೆ ಕಣ್ರಪ್ಪ. ಮದರಾಸಿನಾಗೆ ಆಪೀಸರ್ರು ಕೇಳಿದ್ರು, ಯಾರಿಗಮ್ಮ ಇದು ಅಂತ. ನೀವು ಯೋಳ್ಕೊಟ್ಟಂಗೇ ನಂದು, ನನ್ನ ಸ್ವಂತಕ್ಕೆ ಅಂದೆ. ಆವಯ್ಯ ನಕ್ಕ. ಈ ವಯಸ್ಸಿಗೆ ನಿಮಗ್ಯಾಕಮ್ಮ ಟೇಪು, ಯಾರೋ ತರಾಕೆ ಯೋಳವ್ರೆ ಅಂದ. ಕಣ್ಣು ನೋಡ್ದ. ತಾಯತ ಮುಟ್ಟಿ, ಮುನೇಶ್ವರನಾಣೆಗೂ ಇದು ನಂದೇ, ನಾನಿರೋಗಂಟ ಇನ್ನೊಬ್ರಿಗೆ ಕೊಡಾಕಿಲ್ಲ ಅಂದ್ಬುಟ್ಟೆ."

"ನಾನೇ ಸಾಕ್ಷಿ," ಎಂದರು ಚಿಕ್ಕಬೈರಪ್ಪ. "ಆವಯ್ಯ ಕೈ ಮುಗಿದು ಕಳಿಸ್ದ."

ಗೋಪಾಲಪ್ಪ ದಾರಿ ಹುಡುಕಿದ. ಮದರಾಸಿನಲ್ಲಿ ಇಟ್ಟ ಆಣೆ ಪೀಣ್ಯದ ಮುನೇಶ್ವರನಿಗೆ ಕೇಳಿಸಿರಲಾರದು ಎಂದ. ಮುನೇಶ್ವರನಿಗೆ ಕೇಳಿಸದ ಊರಿಲ್ಲ ಎಂದು ಮುನಿಯಕ್ಕ ಟಾರ್ಚು ಹಾಕಿ ಆರಿಸುತ್ತ ಹೇಳಿದಳು. ತಪ್ಪುಕಾಣಿಕೆ ಕಟ್ಟಿ ಒಂದು ಕೋಳಿ ಒಪ್ಪಿಸಿದರೆ ಆಗದೇ ಎಂದ.

"ಈ ಆಣೆಗೆ ಕೋಳಿ ಆಗಾಕಿಲ್ಲ. ಮುರಿದ್ರೆ ಇಟ್ಟೋರ ಕಣ್ಣೇ ಓಗ್ತದೆ," ಎಂದರು ಲಕ್ಷ್ಮಮ್ಮ. ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿ, "ಆದ್ರೂ ನೀವು ಅಳಿಯಂದ್ರು. ಯೋಳಿ, ನಿಮಗೆ ಟೇಪು ಬೇಕಾ, ನನ್ನ ಕಣ್ಣು ಬೇಕಾ?"

ಮನೆ ತುಂಬಾ ಜನ. ಎಲ್ಲರೂ ಗೋಪಾಲಪ್ಪನ ಉತ್ತರಕ್ಕೆ ಕಾದರು. ಅವನು ನಿಜಕ್ಕೂ ಸ್ವಲ್ಪ ಹೊತ್ತು ಯೋಚಿಸಿದ್ದನ್ನು ಭಾಗ್ಯಮ್ಮ ಮಾತ್ರ ಗಮನಿಸಿದಳು. "ಕಣ್ಣೇ ಇರಲಿ ಅತ್ತೆ" ಎಂದ.

ಭಾಗ್ಯಮ್ಮ ಎದ್ದು ಹೋಗಿ ಗಿಳಿಯ ಹೊದಿಕೆಯನ್ನೂ ಖಾಲಿ ಕ್ಯಾಸೆಟ್ಟನ್ನೂ ತಂದು ತಾಯಿಗೆ ಕೊಟ್ಟಳು. ಹೊದಿಕೆ ಹೇಳಿ ಮಾಡಿಸಿದಂತೆ ಕೂತಿತು. ಅಂದಾಜು ಅಷ್ಟು ಕರಾರುವಾಕ್ಕಾಗಿತ್ತು.

ಭಾನುವಾರ ಗೆಳೆಯರು ಬಂದರು. ಗೋಪಾಲಪ್ಪ ಅವರನ್ನು ತನ್ನ ಮನೆಯ ಖಾಲಿ ಗೂಡಿನ ಮುಂದೆ ನಿಲ್ಲಿಸದೆ ನೇರವಾಗಿ ಅತ್ತೆಯ ಪಡಸಾಲೆಗೆ ಕರೆದೊಯ್ದ.

"ಎಲ್ಲಿ ಗುರು ನಿಂದು?" ಎಂದ ಹನುಮಂತಯ್ಯ.

"ಅದೇ."

"ಅದು ನಂದು ಕಣಪ್ಪ," ಎಂದರು ಲಕ್ಷ್ಮಮ್ಮ ಕಾಫಿ ಕೊಡುತ್ತ. ಅವರಿಗೆ ಈಗ ಯಾರು ಕೇಳಿದರೂ ಒಂದೇ ಉತ್ತರ. ಆಮೇಲೆ ಅಳಿಯನ ಮುಖ ನೋಡಿ ಮನಸ್ಸು ಕರಗಿರಬೇಕು. "ಅಳಿಯಂದ್ರೆ, ದೊಡ್ಡಮುನಿಯಪ್ಪನೂ ಸಿಂಗಾಪುರಕ್ಕೆ ಎಸರು ಬರೆಸವ್ನಂತೆ. ನಮಗೆ ಯೋಳಿದ್ನೆಲ್ಲ ಇದ್ರಾಗೆ ಯೋಳಿಬುಡಿ. ಬಂದೋರಿಗೆಲ್ಲ ಇದೇ ಯೋಳ್ತದೆ, ನಿಮಗೂ ಬಾಯಿನೋವು ತಪ್ತದೆ."

ಚಿಕ್ಕಬೈರಪ್ಪ ಆಗಲೇ ರೆಕಾರ್ಡಿನ ಕೆಂಪು ಗುಂಡಿ ಒತ್ತಿದ್ದರು. ಹನುಮಂತಯ್ಯ ನೋಡುತ್ತಿದ್ದ. ಗೋಪಾಲಪ್ಪ ಗಂಟಲು ಸರಿಮಾಡಿಕೊಂಡು ಕ್ಯಾಸೆಟ್ಟಿನ ಎರಡು ಬದಿಯೂ ತುಂಬುವಂತೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ.

ಅಂದಿನಿಂದ ಸಂಜೆಯಾದರೆ ಅತ್ತೆಯ ಪಡಸಾಲೆಯಲ್ಲಿ ಜನ. ದೊಡ್ಡಮುನಿಯಪ್ಪ ಸಿಂಗಾಪುರಕ್ಕೆ ಹೋಗಿ ಬಂದೂ ಆಯಿತು. ಎಲ್ಲಿಗೂ ಹೋಗದವರೂ ಬಂದು ಕೂತು ಕೇಳುತ್ತಾರೆ. ಗೋಡೆಯ ಈಚೆ ಗೋಪಾಲಪ್ಪ ಊಟಕ್ಕೆ ಕೂತಿರುತ್ತಾನೆ. ಅವ್ವ ಯಾವ ಹೊತ್ತಿನಲ್ಲಿ ಇಣುಕುತ್ತಾಳೋ, ತಾನು ತಂದದ್ದು ಕಾಣದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಭಾಗ್ಯಮ್ಮ ಮುದ್ದೆಯ ಪಕ್ಕ ಒಂದು ಫೋರ್ಕು ಇಟ್ಟಿರುತ್ತಾಳೆ. ಗೋಡೆಯಾಚೆಯಿಂದ ಅವನದೇ ದನಿ, ಅವನದೇ ಗಾಂಭೀರ್ಯ, ಊಟ ಹೇಗೆ ಮಾಡಬೇಕೆಂದು ಅವನಿಗೇ ಹೇಳಿಕೊಡುತ್ತದೆ.

ಒಂದು ಸಂಜೆ ತಡೆಯಲಾರದೆ, ಮುದ್ದೆ ಸಿಕ್ಕಿಸಿಕೊಂಡ ಫೋರ್ಕನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ. ಪಡಸಾಲೆಯಲ್ಲಿ ಆಗ ಲಕ್ಷ್ಮಮ್ಮ ಒಬ್ಬರೇ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ದನಿಯನ್ನಾದರೂ ತುಸು ತಗ್ಗಿಸೋಣವೆಂದು ಅವನು ಟೂ-ಇನ್-ಒನ್ನಿನ ಗುಂಡಿಗೆ ಕೈ ಚಾಚಿದ.

"ಬೇರೆಯವರ ಸಾಮಾನು," ಎಂದಿತು ಯಂತ್ರ, ಅವನದೇ ದನಿಯಲ್ಲಿ, "ಮುಟ್ಟಲೂ ಬಾರದು."

ಗೋಪಾಲಪ್ಪನ ಕೈ ತಾನಾಗಿ ಹಿಂದಕ್ಕೆ ಬಂತು.

"ಎಷ್ಟು ಚೆನ್ನಾಗಿ ಯೋಳಿದ್ದೀರಿ ನೋಡಿ," ಎಂದರು ಲಕ್ಷ್ಮಮ್ಮ, ಅವರೆಕಾಯಿಯಿಂದ ತಲೆ ಎತ್ತದೆ.